ಸ್ನೋ ಬಿದ್ದು ಸ್ಕೂಲಿಗೆ ರಜೆ ಕೊಟ್ಟರೆ: ಹೊಸಬರ ಮನೆಗೊಂದು ಮಾರ್ಗದರ್ಶಿ

ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಸ್ಕೂಲಿನಿಂದ ಮೆಸೇಜ್ ಬರುತ್ತದೆ: ಇವತ್ತು ರಜೆ. ಮಕ್ಕಳು ಕುಣಿದಾಡುತ್ತಾರೆ, ಅಪ್ಪ ಅಮ್ಮ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಮೊದಲ ಚಳಿಗಾಲ ಕಾಣುತ್ತಿರುವ ಮನೆಗಳಲ್ಲಿ ಆಮೇಲೆ ಆಗುವುದು ಹೆಚ್ಚುಕಮ್ಮಿ ಒಂದೇ ಕಥೆ. ಹೊರಗೆ ಬಿಟ್ಟರೆ ನೆಗಡಿಯಾಗುತ್ತದೆ ಎಂದು ಮಕ್ಕಳನ್ನು ಒಳಗೇ ಕೂಡಿಹಾಕುತ್ತಾರೆ, ಸಂಜೆ ಹೊತ್ತಿಗೆ ಮನೆಯಲ್ಲಿ ಎಲ್ಲರೂ ಎಲ್ಲರ ಮೇಲೂ ರೇಗುತ್ತಿರುತ್ತಾರೆ. ನೆಗಡಿ ತರುವುದು ವೈರಸ್ಸು. ಮಕ್ಕಳಿಗೆ ಚಳಿ ತಡೆಯಲಾಗದೆ ಹೋಗುವುದು ಬಟ್ಟೆ ಒದ್ದೆಯಾದಾಗ. ಮೈ ಒಣಗಿದ್ದು, ಗಾಳಿ ಜೋರಿಲ್ಲದಿದ್ದರೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿದ್ದರೂ ಅರ್ಧ ಗಂಟೆ ಆರಾಮಾಗಿ ಆಡುತ್ತಾರೆ. ಒಳಗೆ ಬಂದು ಬೆಚ್ಚಗಾಗಿ ಮತ್ತೆ ಹೋಗಲಿ.

ಹಾಗಾಗಿ ಬಟ್ಟೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಹಟ ಹಿಡಿಯಿರಿ. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ, ಬೆವರು ಹೀರಿಕೊಂಡು ತಣ್ಣಗೆ ಅಂಟಿಕೊಳ್ಳುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೊಂದು ಫ್ಲೀಸ್, ಎಲ್ಲಕ್ಕೂ ಹೊರಗೆ ನೀರು ಬಿಡದ ಜಾಕೆಟ್ಟು, ಸ್ನೋ ಪ್ಯಾಂಟು. ಕೈಗೆ ಗ್ಲೌಸಿಗಿಂತ ಮಿಟನ್ ವಾಸಿ. ಬೆರಳುಗಳೆಲ್ಲ ಒಟ್ಟಿಗಿದ್ದು ಒಂದಕ್ಕೊಂದು ಬಿಸಿ ಕೊಡುತ್ತವೆ. ಒಬ್ಬೊಬ್ಬರಿಗೂ ಎರಡು ಜೊತೆ ಮಿಟನ್ ಇಟ್ಟುಕೊಳ್ಳಿ, ಮೊದಲ ಜೊತೆ ಒದ್ದೆಯಾಗುವುದು ಖಂಡಿತ. ಹಾಕುವ ಕ್ರಮವೂ ಉಂಟು: ಮೊದಲು ಬಾತ್‌ರೂಮಿಗೆ ಕಳಿಸಿ (ಇದನ್ನು ಮರೆತರೆ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು), ಆಮೇಲೆ ಸ್ನೋ ಪ್ಯಾಂಟು, ಬೂಟು, ಜಾಕೆಟ್ಟು, ಟೋಪಿ, ಕಟ್ಟಕಡೆಗೆ ಮಿಟನ್. ಸ್ನೋ ಪ್ಯಾಂಟಿನ ಅಂಚು ಬೂಟಿನ ಹೊರಗೆ ಬರಲಿ, ಒಳಗೆ ತುರುಕಿದರೆ ಸ್ನೋ ನೇರ ಕಾಲುಚೀಲಕ್ಕೆ ಇಳಿಯುತ್ತದೆ.

ಹೊರಗೆ ಹೋದ ಕೂಡಲೇ ಒಂದು ಹಿಡಿ ಸ್ನೋ ತೆಗೆದು ಅಮುಕಿ ನೋಡಿ. ಇವತ್ತು ಯಾವ ಆಟ ಎಂಬುದನ್ನು ಆ ಹಿಡಿಯೇ ಹೇಳುತ್ತದೆ. ಉಂಡೆ ಕಟ್ಟಿ ನಿಂತರೆ ಅದು ಒದ್ದೆ ಸ್ನೋ. ತಾಪಮಾನ ಸೊನ್ನೆಯ ಆಸುಪಾಸಿನಲ್ಲಿದೆ, ಹರಳುಗಳ ಮೇಲಿನ ತೆಳ್ಳನೆಯ ನೀರಿನ ಪದರ ಅವನ್ನು ಅಂಟಿಸುತ್ತಿದೆ. ಸ್ನೋಮ್ಯಾನಿಗೆ, ಕೋಟೆ ಗೋಡೆಗೆ ಇದೇ ಬೇಕು. ಚಿಕ್ಕ ಉಂಡೆ ಮಾಡಿ ನೆಲದ ಮೇಲೆ ಉರುಳಿಸಿ, ಆಗಾಗ ದಿಕ್ಕು ಬದಲಿಸಿ, ಇಲ್ಲದಿದ್ದರೆ ಉರುಳೆಯ ಆಕಾರಕ್ಕೆ ತಿರುಗುತ್ತದೆ. ಕೆಳಗಿನ ಉಂಡೆ ಎಲ್ಲಿ ನಿಲ್ಲಬೇಕೋ ಅದರ ಪಕ್ಕದಲ್ಲೇ ನಡುವಿನದನ್ನೂ ಉರುಳಿಸಿ. ದೂರದಿಂದ ಎತ್ತಿ ತರುವ ಕೆಲಸ ದೊಡ್ಡವರ ಸೊಂಟಕ್ಕೇ ಬರುತ್ತದೆ. ಹಿಡಿ ಬಿಚ್ಚಿದಾಗ ಹಿಟ್ಟಿನ ಹಾಗೆ ಉದುರಿ ಹೋದರೆ ಅದು ಪುಡಿ ಸ್ನೋ, ಅದರಲ್ಲಿ ಸ್ನೋಮ್ಯಾನ್ ಮಾಡಲು ಹೋಗಿ ಮಕ್ಕಳನ್ನು ಅಳಿಸಬೇಡಿ. ಅವತ್ತು ಸ್ಲೆಡ್ (ಸ್ನೋ ಮೇಲೆ ಕೂತು ಜಾರುವ ಹಲಗೆ) ತೆಗೆಯಿರಿ, ಇಲ್ಲವೇ ಮಲಗಿ ಕೈಕಾಲು ಬಡಿದು ಸ್ನೋ ಏಂಜಲ್ ಮಾಡಿಸಿ.

ಸ್ಲೆಡ್‌ಗೆ ಜಾಗ ಆರಿಸುವಾಗ ಇಳಿಜಾರಿಗಿಂತ ಮುಖ್ಯವಾಗಿ ಅದು ಎಲ್ಲಿ ಮುಗಿಯುತ್ತದೆ ಎಂದು ನೋಡಿ. ಕೆಳಗೆ ರಸ್ತೆ, ಕೆರೆ, ಪಾರ್ಕಿಂಗ್, ಮರ, ಬೇಲಿ ಇದ್ದರೆ ಬೇರೆ ಕಡೆ ಹೋಗಿ. ಕೂತು, ಕಾಲು ಮುಂದೆ ಮಾಡಿ ಜಾರಬೇಕು. ತಲೆ ಮುಂದೆ ಮಾಡಿ ಮಲಗಿ ಜಾರುವುದು ಬೇಡ. ಸೈಕಲ್ ಹೆಲ್ಮೆಟ್ ಇದ್ದರೆ ಹಾಕಿಸಿ, ನೋಡುವವರು ಏನಂದುಕೊಂಡರೂ ಸರಿ.

ಹಿಮ ಇನ್ನೂ ಬೀಳುತ್ತಿದ್ದರೆ ನನಗೆ ಎಲ್ಲಕ್ಕಿಂತ ಇಷ್ಟದ ಆಟ ಹರಳು ನೋಡುವುದು. ಕಪ್ಪು ಬಟ್ಟೆ ಅಥವಾ ದಪ್ಪ ಕಪ್ಪು ಕಾಗದವನ್ನು ಹೊರಗೆ ಸೂರಿನಡಿ ಹತ್ತು ನಿಮಿಷ ಇಟ್ಟು ತಣ್ಣಗಾಗಲು ಬಿಡಿ, ಬೆಚ್ಚಗಿದ್ದರೆ ಹರಳು ಬಿದ್ದ ಕ್ಷಣವೇ ನೀರು. ಆಮೇಲೆ ಒಂದೆರಡು ಹರಳು ಹಿಡಿದು, ಉಸಿರು ಬಿಗಿಹಿಡಿದು, ಭೂತಗನ್ನಡಿಯಲ್ಲಿ ನೋಡಿಸಿ. ಆರು ಕೈ ಎಣಿಸುವಾಗ ಮಾತು ನಿಲ್ಲಿಸದ ಮಗುವೂ ಸುಮ್ಮನಾಗುತ್ತದೆ. ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿಯಲ್ಲಿ, 19ನೇ ವಯಸ್ಸಿನಲ್ಲಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದೇ ಒಂದು ಹಿಮದ ಹರಳಿನ ಫೋಟೋ ತೆಗೆದದ್ದು ದೊಡ್ಡ ಮಕ್ಕಳಿಗೆ ಹೇಳಲು ಒಳ್ಳೆಯ ಕಥೆ. ಆಮೇಲೆ ಬದುಕಿಡೀ 5,000ಕ್ಕೂ ಹೆಚ್ಚು ಫೋಟೋ ತೆಗೆದ.

ಒಳಗೆ ಬರುವಾಗ ಒಂದು ಗಾಜಿನ ಲೋಟದ ತುಂಬ ಸ್ನೋ ತನ್ನಿ. ಕರಗಿದ ಮೇಲೆ ನೀರು ಎಲ್ಲಿಯವರೆಗೆ ಬರಬಹುದು ಎಂದು ಪ್ರತಿ ಮಗುವೂ ಲೋಟದ ಮೇಲೆ ಟೇಪ್ ಅಂಟಿಸಲಿ. ಅರ್ಧ ಲೋಟ ಎನ್ನುವವರೇ ಜಾಸ್ತಿ. ಅಮುಕದೆ ತುಂಬಿದ ಹೊಸ ಸ್ನೋ ಹತ್ತು ಪಾಲಿದ್ದರೆ ನೀರು ಸುಮಾರು ಒಂದೇ ಪಾಲು. ಒದ್ದೆ ಸ್ನೋ ಆದರೆ ಇನ್ನಷ್ಟು, ಪುಡಿಯಾದರೆ ಇನ್ನೂ ಕಡಿಮೆ. ಇನ್ನೊಂದು ಲೋಟದ ಸ್ನೋಗೆ ಉಪ್ಪು ಬೆರೆಸಿ ಥರ್ಮಾಮೀಟರ್ ಇಡಿ. ಸ್ನೋ ಕರಗುತ್ತದೆ, ತಾಪಮಾನ ಮಾತ್ರ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆ ಮಿಶ್ರಣವನ್ನು ಬರಿಗೈಲಿ ಹಿಡಿಯಲು ಬಿಡಬೇಡಿ, ಚರ್ಮ ಸುಡುತ್ತದೆ.

ಕೆಲವು ವಿಷಯಗಳಲ್ಲಿ ರಿಯಾಯಿತಿ ಇಲ್ಲ. ರಸ್ತೆಯ ಸ್ನೋ ತೆಗೆಯುವ ಪ್ಲೋ ಗಾಡಿ ಬದಿಗೆ ತಳ್ಳಿದ ಗುಡ್ಡೆಯಲ್ಲಿ ಸುರಂಗ ಕೊರೆಯಬಾರದು. ಕುಸಿದರೆ ಒಳಗಿದ್ದವರು ಹೂತುಹೋಗುತ್ತಾರೆ, ಮತ್ತೆ ಬರುವ ಪ್ಲೋ ಚಾಲಕನಿಗೆ ಮಗು ಕಾಣುವುದೂ ಇಲ್ಲ. ಹೆಪ್ಪುಗಟ್ಟಿದ ಕೆರೆ ಎಷ್ಟೇ ಗಟ್ಟಿ ಕಂಡರೂ ಕಾಲಿಡಬಾರದು. ನೀವು ಸ್ನೋ ಎತ್ತುವ ತನಕ ಮಕ್ಕಳು ಬೆಚ್ಚಗಿರಲಿ ಎಂದು ಕಾರ್ ಸ್ಟಾರ್ಟ್ ಮಾಡಿ ಒಳಗೆ ಕೂರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಅಷ್ಟೇ ಅಪಾಯ. ಹೊಗೆ ಕೊಳವೆ ಸ್ನೋದಲ್ಲಿ ಮುಚ್ಚಿಹೋಗಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮೋನಾಕ್ಸೈಡ್ ಕಾರಿನೊಳಗೆ ತುಂಬುತ್ತದೆ. ಮಗುವಿನ ಮೂಗು, ಕಿವಿ, ಬೆರಳು ಆಗಾಗ ನೋಡುತ್ತಿರಿ. ಬಿಳಿಚಿಕೊಂಡು ಜೋಮು ಹಿಡಿದಂತಿದ್ದರೆ ಒಳಗೆ ಕರೆತಂದು ಉಗುರುಬೆಚ್ಚಗಿನ ನೀರಿನಲ್ಲಿ ಇಡಿ, ಉಜ್ಜಬೇಡಿ, ಹೀಟರಿಗೆ ಒಡ್ಡಬೇಡಿ. ಬಣ್ಣವೂ ಸ್ಪರ್ಶವೂ ಬೇಗ ಮರಳದಿದ್ದರೆ ಡಾಕ್ಟರಿಗೆ ತೋರಿಸಿ.

ಸಲಿಕೆ ಕೆಲಸಕ್ಕೆ ಮಕ್ಕಳನ್ನೂ ಕರೆಯಿರಿ, ಚಿಕ್ಕ ಸಲಿಕೆ ಕೈಗೆ ಕೊಟ್ಟರೆ ಅವರಿಗೆ ಅದೂ ಆಟವೇ. ಪಕ್ಕದ ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಮೆಟ್ಟಿಲನ್ನೂ ಸೇರಿಸಿಕೊಳ್ಳಿ. ಹೊಸ ಜಾಗದಲ್ಲಿ ಪರಿಚಯ ಬೆಳೆಸಲು ಇದಕ್ಕಿಂತ ಸುಲಭದ ನೆಪ ನನಗೆ ಗೊತ್ತಿಲ್ಲ.

ಮಧ್ಯಾಹ್ನದ ಮೇಲೆ ಕಂಬಳಿ ಡೇರೆಯೋ ಬೋರ್ಡ್ ಗೇಮೋ ನಿಮ್ಮಿಷ್ಟ. ಒದ್ದೆ ಮಿಟನ್ನುಗಳನ್ನು ಮಾತ್ರ ಬಾಗಿಲ ಬಳಿ ರಾಶಿ ಹಾಕಿ ಮರೆಯಬೇಡಿ. ಬೂಟಿನ ಒಳಪದರ ಹೊರಗೆಳೆದು, ಎಲ್ಲವನ್ನೂ ಹೀಟರಿಗೆ ತಾಗದಂತೆ ಹರಡಿ. ನಾಳೆ ಸ್ಕೂಲ್ ತೆರೆದರೆ ಬಿಡುವಿನ ಹೊತ್ತಿಗೆ ಅಲ್ಲೂ ಮಕ್ಕಳನ್ನು ಸ್ನೋದಲ್ಲಿ ಆಡಲು ಬಿಡುತ್ತಾರೆ, ಬೆಳಗ್ಗೆ ಎಲ್ಲವೂ ಒಣಗಿರಬೇಕು.