ಬೊಳೆಂಜಿರ್ ಪುಡಿ ಮತ್ತು ಮಗಳ ಗಂಜಿ

ಮೊದಲ ಸಲ ಒಣಗಿಸಲು ಹಾಕಿದ ಬೊಳೆಂಜಿರ್ ಅಷ್ಟೂ ತೆಂಗಿನ ಬುಡಕ್ಕೆ ಹೋಯಿತು. ಐದು ಕೆ.ಜಿ. ಮೀನು. ಮಧ್ಯಾಹ್ನದ ಮೇಲೆ ಅಗ್ಗಕ್ಕೆ ಸಿಕ್ಕಿತು ಅಂತ ಮಲ್ಪೆ ಬಂದರಿನಿಂದ ತಂದಿದ್ದೆ. ಹೊಟ್ಟೆ ಆಗಲೇ ಮೆತ್ತಗಾಗಿತ್ತು. ಅಂಗಳದಲ್ಲಿ ಟಾರ್ಪಾಲು ಹಾಸಿ ಹರಡಿದೆ. ಮೇಲೆ ಒಣಗಿತು, ಅಡಿಯಲ್ಲಿ ನೀರು ನಿಂತಿತು. ಮೂರನೇ ದಿನ ಹುಳ. ಮಾಮಿ ಏನೂ ಹೇಳಲಿಲ್ಲ, ಸುಮ್ನೆ ಬುಟ್ಟಿ ತಂದು ಕೊಟ್ಟರು.

ಆಗ ಮಗಳಿಗೆ ಒಂದೂವರೆ ವರ್ಷ. ರಕ್ತ ಕಡಿಮೆ ಇದೆ ಎಂದು ಡಾಕ್ಟರು ಕಬ್ಬಿಣದ ಡ್ರಾಪ್ಸ್ ಕೊಟ್ಟಿದ್ದರು. ಮೀನು, ಮೊಟ್ಟೆ, ಸೊಪ್ಪು ತಿನ್ನಿಸಿ ಅಂದಿದ್ದರು. ಮೀನು ಬಾಯಿಗಿಟ್ಟರೆ ಉಗಿಯುತ್ತಿದ್ದಳು. ನನಗೋ ಮುಳ್ಳಿನ ಹೆದರಿಕೆ. "ಒಣಗಿಸಿ ಪುಡಿ ಮಾಡಿ ಗಂಜಿಗೆ ಹಾಕು ಮಾರಾಯ್ತಿ, ತಲೆ ಬಿಸಾಡಬೇಡ" ಎಂದದ್ದು ಮಾಮಿಯೇ.

ತಲೆ ಯಾಕೆ ಎಂದು ನನಗೆ ಆಮೇಲೆ ತಿಳಿಯಿತು. ಅಂಜಲ್‌ನಂಥ ದೊಡ್ಡ ಮೀನು ತಂದರೆ ನಾವು ತಿನ್ನುವುದು ಮಾಂಸ ಮಾತ್ರ, ಕ್ಯಾಲ್ಸಿಯಂ ಇರುವ ಮುಳ್ಳು ಬೆಕ್ಕಿಗೆ. ಬೊಳೆಂಜಿರ್ ಬೆರಳುದ್ದದ ಮೀನು, ಬೇರೆ ಕಡೆ ನೆತ್ತೋಲಿ ಅನ್ನುತ್ತಾರೆ. ತಲೆ, ಮುಳ್ಳು ಸಮೇತ ಹೊಟ್ಟೆಗೆ ಹೋಗುತ್ತದೆ. ಬಾಂಗ್ಲಾದೇಶದಲ್ಲಿ ಮೊಲಾ ಎಂಬ ಪುಟ್ಟ ಮೀನಿದೆ. ಗೆಂಡೆ ಮೀನು ಸಾಕುವವರು ಅದನ್ನು ಕಸವೆಂದು ವಿಷ ಹಾಕಿ ಕೊಲ್ಲುತ್ತಿದ್ದರು. ಅದರಲ್ಲಿ, ಅದರಲ್ಲೂ ಕಣ್ಣಿನ ಭಾಗದಲ್ಲಿ, ಎ ಜೀವಸತ್ವ ತುಂಬಾ ಇದೆ ಎಂದು ತೋರಿಸಿ, ಗೆಂಡೆಯ ಜೊತೆಗೇ ಸಾಕಿಸಿದವರು ಪೋಷಣಾ ವಿಜ್ಞಾನಿ ಶಕುಂತಲಾ ಥಿಲ್‌ಸ್ಟೆಡ್. 2021ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಓದುವಾಗ ನನಗೆ ನಮ್ಮ ಬಂದರಿನ ಲಾರಿಗಳು ನೆನಪಾದವು. ಬಲೆಗೆ ಬಿದ್ದ ಸಣ್ಣ ಮೀನು ಎಷ್ಟೊಂದು ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಕೋಳಿಗೂ ಸಿಗಡಿಗೂ ಮೇವಾಗುತ್ತದೆ! ಮಕ್ಕಳ ಬಾಯಿಗೆ ಹೋಗಬಹುದಾದದ್ದು ಅಲ್ವಾ?

ಎರಡನೇ ಸಲ ಜನವರಿಯಲ್ಲಿ, ಒಳ್ಳೆ ಬಿಸಿಲಿಗೆ ಶುರು ಮಾಡಿದೆ. ಬೆಳಿಗ್ಗೆ ದಡಕ್ಕೆ ಬಂದ ಮೀನು, ಕಣ್ಣು ಹೊಳೆಯುವಂಥದ್ದನ್ನೇ ತಂದೆ. ಇಲ್ಲಿ ಜಿಪುಣತನ ಬೇಡವೇ ಬೇಡ. ಹಾಳಾಗುತ್ತಿರುವ ಮೀನಿನಲ್ಲಿ ಹಿಸ್ಟಮಿನ್ ಎಂಬ ನಂಜು ಹುಟ್ಟುತ್ತದೆ. ಆಮೇಲೆ ಒಣಗಿಸಿದರೂ ಹುರಿದರೂ ಅದು ಹೋಗುವುದಿಲ್ಲ, ತಿಂದರೆ ಮೈ ಕೆಂಪಾಗಿ ತುರಿಸುತ್ತದೆ. ಹೊಟ್ಟೆ ಹಿಂಡಿ ತೆಗೆದು, ಒಳ್ಳೆ ನೀರಲ್ಲಿ ತೊಳೆದೆ. ಮಗುವಿಗಾದ್ದರಿಂದ ಉಪ್ಪು ಹಾಕಲಿಲ್ಲ. ನಾಲ್ಕು ಅಡಿಕೆ ಕಂಬ ಹುಗಿದು, ಸೊಂಟದೆತ್ತರಕ್ಕೆ ಹಳೆಯ ನೈಲಾನ್ ಬಲೆ ಬಿಗಿದು ಅದರ ಮೇಲೆ ಒಂದೇ ಪದರ ಹರಡಿದೆ. ಕೆಳಗಿನಿಂದಲೂ ಗಾಳಿ ಆಡುತ್ತದೆ, ಮರಳು ಅಂಟುವುದಿಲ್ಲ. ಮೇಲೆ ಸೊಳ್ಳೆಪರದೆ, ನೊಣಕ್ಕೂ ಕಾಗೆಗೂ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಎರಡೂವರೆ ದಿನಕ್ಕೆ ಬಗ್ಗಿಸಿದರೆ ಟಪ್ಪೆಂದು ಮುರಿಯಿತು. ಐದು ಕೆ.ಜಿ. ಒಂದು ಕೆ.ಜಿ.ಗಿಂತ ಚೂರು ಜಾಸ್ತಿ ಉಳಿಯಿತು.

ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಮಿಕ್ಸಿಗೆ ಹಾಕಿ, ಹಿಟ್ಟಿನ ಜರಡಿಯಲ್ಲಿ ಎರಡು ಸಲ ಸೋಸಿದೆ. ಮುಳ್ಳಿನ ತರಿ ಮತ್ತೆ ಮಿಕ್ಸಿಗೆ. ಮೊದಲ ದಿನ ಚಿಟಿಕೆ ಮಾತ್ರ ಕೊಟ್ಟು, ಮೈಮೇಲೆ ದದ್ದು ಏಳುತ್ತದೋ ಎಂದು ನೋಡಿದೆ. ಏನೂ ಆಗಲಿಲ್ಲ. ಆಮೇಲೆ ದಿನಕ್ಕೆ ಅರ್ಧ ಚಮಚ, ಕುಚ್ಚಲಕ್ಕಿ ಗಂಜಿಗೆ ತುಪ್ಪದ ಜೊತೆ.

ಬೂತಾಯಿ, ಅಂದರೆ ಮತ್ತಿ ಮೀನಿನಲ್ಲೂ ಮಾಡಿ ನೋಡಿದೆ. ಎಣ್ಣೆ ಜಾಸ್ತಿ, ತಿಂಗಳೊಳಗೆ ಕಮಟು ವಾಸನೆ. ಬೂತಾಯಿ ಹುಳಿ-ಖಾರದ ಪುಳಿಮುಂಚಿ ಸಾರಿಗೇ ಸರಿ.

ಈ ಪುಡಿ ಔಷಧ ಅಲ್ಲ. ಬಿಸಿಲಿಗೆ ಎ ಜೀವಸತ್ವ ಬಹುಪಾಲು ಹಾಳಾಗುತ್ತದೆ, ಹಾಗಾಗಿ ಸಿಹಿಗುಂಬಳ, ಬಸಳೆ ಬಿಡಲಿಲ್ಲ. ಆರು ತಿಂಗಳಲ್ಲಿ ರಕ್ತ ಸರಿಯಾಯಿತು. ಡ್ರಾಪ್ಸ್ ಕೂಡ ಕೊಡುತ್ತಿದ್ದೆ, ಯಾವುದರಿಂದ ಎಷ್ಟು ಎಂದು ಹೇಗೆ ಹೇಳಲಿ?

ಮಳೆಗಾಲ ಬಂದಾಗ ಪುಡಿಯ ಬೆಲೆ ಗೊತ್ತಾಯಿತು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಇರಲಿ. ಆ 61 ದಿನ ನಮ್ಮಲ್ಲಿ ಎರಡು ಗಾಜಿನ ಭರಣಿ ತುಂಬಿದ್ದವು. ಒದ್ದೆ ಚಮಚ ಹಾಕಬಾರದು, ವಾರಕ್ಕೊಮ್ಮೆ ಕಾವಲಿಯಲ್ಲಿ ಬೆಚ್ಚಗೆ ಮಾಡಬೇಕು.

ಮಗಳಿಗೆ ಈಗ ನಾಲ್ಕು. ಪುಡಿ ಬೇಡವಂತೆ, ಹುರಿದ ಬೊಳೆಂಜಿರನ್ನು ತಲೆ ಸಮೇತ ಕುರುಂ ಕುರುಂ ತಿನ್ನುತ್ತಾಳೆ. ಭರಣಿ ಈಗ ಮಾಮಿಯ ಪಾಲು. ಅವರಿಗೆ ಹಲ್ಲು ಉಳಿದಿರುವುದು ಐದೇ.