ಹಾಲಿನ ಲೆಕ್ಕದ ಹಿಂದಿನ ಹಾಳೆ: ಮನೆಯ ಹುಡುಗ ಬದಲಾದಾಗ ಏನು ಮಾಡಬೇಕು

ನಮ್ಮ ಮನೆಯಿಂದ ಡೈರಿಗೆ ಹಾಲು ಹೋಗುತ್ತದೆ. ಅದರ ಲೆಕ್ಕಕ್ಕೆ ಅಮ್ಮ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದಾಳೆ. ಒಂದು ದಿನ ಅದನ್ನು ತಿರುವಿ ಹಾಕಿದರೆ ಹಿಂದಿನ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬೇರೆ ಏನೋ ಬರೆದಿತ್ತು. "ಸೋಮವಾರ. ರಾತ್ರಿ 3ರ ತನಕ ಎದ್ದಿದ್ದ. ಅರ್ಧ ಮುದ್ದೆ ತಿಂದ. ಫ್ಯಾನ್ ಬೈತಿದೆ ಅಂದ." ಅದು ನನ್ನ ತಮ್ಮನ ಲೆಕ್ಕ. ಯಾರಿಗೂ ಹೇಳಲಾಗದ್ದನ್ನು ಅಮ್ಮ ಅಲ್ಲಿ ಬರೆದಿಟ್ಟಿದ್ದಳು. ಕೊನೆಗೆ ಡಾಕ್ಟರಿಗೆ ನಮ್ಮೆಲ್ಲರ ಮಾತಿಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಹಾಳೆಗಳೇ.

ಅವನಿಗೆ ಆಗ 19 ವರ್ಷ. ನಮ್ಮದು ಹಾಸನದ ಕಡೆಯ ಹಳ್ಳಿ. ಅವನು ಮೈಸೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಪ್ಲೊಮಾ ಓದುತ್ತಿದ್ದ. ಅವನು ಬದಲಾಗಲು ಶುರುವಾಗಿ, ಸರಿಯಾದ ಡಾಕ್ಟರ ಮುಂದೆ ಕೂರುವಷ್ಟರಲ್ಲಿ 14 ತಿಂಗಳು ಕಳೆದುಹೋಗಿತ್ತು. ನಿಮ್ಮನೆಯಲ್ಲಿ ಅದು 14 ದಿನದೊಳಗೆ ಮುಗಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಅವನ ಅಕ್ಕ.

ಈ ಸ್ಥಿತಿಗೆ ಸೈಕೋಸಿಸ್ ಅನ್ನುತ್ತಾರೆ. ಇಲ್ಲದ ದನಿ ಕೇಳಿಸುವುದು, ಯಾರೋ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಅಂತ ಗಟ್ಟಿಯಾಗಿ ನಂಬುವುದು, ಮಾತಿನ ಎಳೆ ತಪ್ಪುವುದು. ಹೆಚ್ಚಾಗಿ ಶುರುವಾಗುವುದು ಹದಿನೈದರಿಂದ ಮೂವತ್ತರ ವಯಸ್ಸಿನೊಳಗೆ. ಅಂದರೆ ಪಿಯುಸಿ, ಕಾಲೇಜು, ಮೊದಲ ಕೆಲಸ, ಇವುಗಳ ನಡುವೆಯೇ. ಚಿಕಿತ್ಸೆ ತಡವಾದಷ್ಟೂ ಮೊದಲಿನ ಹಾಗೆ ಆಗುವುದು ಕಷ್ಟವಾಗುತ್ತಾ ಹೋಗುತ್ತದೆ. ಅದಕ್ಕೇ ಈ ಅವಸರ.

ದನಿ ಕೇಳಿಸುವುದಕ್ಕೆ ಎಷ್ಟೋ ಮೊದಲೇ ನಮ್ಮ ಹುಡುಗನ ನಿದ್ದೆ ಹೋಗಿತ್ತು. ರಾತ್ರಿಯೆಲ್ಲ ಎದ್ದಿದ್ದು ಹಗಲು ಮಲಗುತ್ತಿದ್ದ. ಕ್ರಿಕೆಟ್ ಬಿಟ್ಟ. ಒಂದೇ ಸೆಮಿಸ್ಟರ್‌ನಲ್ಲಿ ನಾಲ್ಕು ಸಬ್ಜೆಕ್ಟ್ ಹೋದವು. ಸ್ನಾನ ಮಾಡು ಅಂದರೆ ಸಿಟ್ಟು. ಆಮೇಲೆ ಫೋನಿನ ಕ್ಯಾಮೆರಾಕ್ಕೆ ಗಾಯದ ಪ್ಲಾಸ್ಟರ್ ಅಂಟಿಸಿದ. ಕಿವಿಗೆ ಹತ್ತಿ ಇಟ್ಟುಕೊಂಡ. ಟಿವಿಯಲ್ಲಿ ವಾರ್ತೆ ಓದುವವಳು ತನಗೇ ಸನ್ನೆ ಮಾಡುತ್ತಾಳೆ ಅಂದ.

ಇದರಲ್ಲಿ ಮೊದಲಿನವನ್ನು ಬಿಡಿಬಿಡಿಯಾಗಿ ನೋಡಿದರೆ ಯಾವ ಹುಡುಗನಲ್ಲಿ ಇಲ್ಲ ಹೇಳಿ? ನಾವೂ ಹಾಗೇ ಸಮಾಧಾನ ಮಾಡಿಕೊಂಡೆವು. ನೀವು ಪಕ್ಕದ ಮನೆ ಹುಡುಗನ ಜೊತೆ ಹೋಲಿಸಬೇಡಿ. ಹೋದ ವರ್ಷ ನಿಮ್ಮ ಹುಡುಗ ಹೇಗಿದ್ದ, ಅವನ ಜೊತೆ ಹೋಲಿಸಿ. ನಿದ್ದೆ, ಓದು, ಗೆಳೆಯರು, ಮೈಮೇಲಿನ ಗಮನ, ಈ ನಾಲ್ಕೂ ಕೆಲವು ವಾರಗಳಲ್ಲಿ ಒಟ್ಟಿಗೆ ಕುಸಿದರೆ ತೋರಿಸಿ. ದನಿ ಅಥವಾ ವಿಚಿತ್ರ ಅನುಮಾನ ಬಂದಿದ್ದರಂತೂ ವಾರ ಎಣಿಸುತ್ತಾ ಕೂರಬೇಡಿ. ತೋರಿಸಿದ ಮಾತ್ರಕ್ಕೆ ಅದೇ ಕಾಯಿಲೆ ಅಂತಲ್ಲ. ಬರೀ ಖಿನ್ನತೆ ಇರಬಹುದು, ಗಾಂಜಾ ಇರಬಹುದು.

ಇನ್ನು ಬರೆಯುವ ವಿಚಾರ. ತಾರೀಕು ಹಾಕಿ. ಎಷ್ಟು ಗಂಟೆ ಮಲಗಿದ, ಏನು ತಿಂದ, ಏನಂದ. ಅವನ ಮಾತನ್ನು ಅವನ ಮಾತಲ್ಲೇ ಬರೆಯಿರಿ. "ಹುಚ್ಚನ ಥರ ಆಡಿದ" ಅಂತ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. "ಫ್ಯಾನ್ ಬೈತಿದೆ ಅಂದ, ಸ್ವಿಚ್ ಆರಿಸಿ ಬೆವರುತ್ತಾ ಕೂತ" ಅಂದರೆ ತಿಳಿಯುತ್ತದೆ. ಜ್ವರ, ಫಿಟ್ಸ್, ತಲೆಗೆ ಪೆಟ್ಟು, ಕುಡಿತ, ಗಾಂಜಾ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ, ಇದೂ ಇರಲಿ. ನಮ್ಮ ಅಜ್ಜಿಯ ತಮ್ಮನೊಬ್ಬರು ಊರು ಬಿಟ್ಟು ಹೋದರು ಅಂತಷ್ಟೇ ಗೊತ್ತಿತ್ತು ನಮಗೆ. ಯಾಕೆ ಹೋದರು ಅಂತ ಆಗಲೇ ಮೊದಲ ಸಲ ಕೇಳಿದ್ದು.

ಇಲ್ಲಿ ನಾವು ಮಾಡಿದ ಒಂದು ತಪ್ಪು ಹೇಳಬೇಕು. ಅಮ್ಮ ಕದ್ದು ಬರೆಯುತ್ತಿದ್ದಳು. ಅದು ಅವನ ಕೈಗೆ ಸಿಕ್ಕಿತು. "ನೋಡಿದ್ರಾ, ನನ್ನ ಮೇಲೆ ಕಣ್ಣಿಟ್ಟಿದ್ದೀರಿ ಅಂತ ಹೇಳಿದ್ದೆ ತಾನೆ?" ಅಂದ. ಅವನ ಅನುಮಾನಕ್ಕೆ ನಾವೇ ಸಾಕ್ಷಿ ಕೊಟ್ಟ ಹಾಗಾಯಿತು. ಎದುರಿಗೇ ಹೇಳಿ ಬರೆಯಿರಿ: "ನೀನು ಸರಿಯಾಗಿ ಮಲಗ್ತಿಲ್ಲ, ನಿದ್ದೆಯ ಲೆಕ್ಕ ಇಡ್ತೀನಿ." ಸಾರಿನಲ್ಲಿ ಮಾತ್ರೆ ಪುಡಿ ಮಾಡಿ ಹಾಕಿ ಅಂತ ನೆಂಟರು ಹೇಳುತ್ತಾರೆ. ಅದೂ ಬೇಡ. ಊಟದಲ್ಲಿ ವಿಷ ಇದೆ ಅಂತ ಹೆದರಿದವನಿಗೆ ಅದು ಗೊತ್ತಾದರೆ ಆಮೇಲೆ ನಿಮ್ಮ ಕೈಯ ನೀರನ್ನೂ ಕುಡಿಯುವುದಿಲ್ಲ.

ಮಾತಾಡುವುದು ಹೇಗೆ? ವಾದ ಮಾಡಬೇಡಿ. "ಯಾರೂ ಮಾತಾಡ್ತಿಲ್ಲ ಕಣೋ, ಸುಮ್ನೆ ಇರು" ಅಂತ ಅಪ್ಪ ನೂರು ಸಲ ಅಂದರು. ಒಂದು ಸಲವೂ ಅವನು ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ, ಅವನ ಕಿವಿಗೆ ನಿಜವಾಗಿ ಕೇಳುತ್ತಿದೆಯಲ್ಲ. ಹಾಗಂತ ಹೌದು ಹೌದು ಅನ್ನುವುದೂ ತಪ್ಪು. ನನಗೆ ಫಲ ಕೊಟ್ಟ ಮಾತು ಇದು: "ನನಗೆ ಆ ದನಿ ಕೇಳಿಸ್ತಿಲ್ಲ ಮರಿ. ಆದ್ರೆ ನಿಂಗೆ ಕೇಳಿಸ್ತಿದ್ರೆ ಭಯ ಆಗೇ ಆಗುತ್ತೆ. ಎಷ್ಟು ದಿನ ಆಯ್ತು ನೀನು ನೆಟ್ಟಗೆ ಮಲಗಿ?" ಅವನು ಅತ್ತ. ತನಗೆ ಕಾಯಿಲೆ ಇದೆ ಅಂತ ಅವತ್ತೂ ಒಪ್ಪಲಿಲ್ಲ. ನಿದ್ದೆಗೆ ಡಾಕ್ಟರ ಹತ್ತಿರ ಬರುತ್ತೇನೆ ಅಂದ. ಅಷ್ಟು ಸಾಕು. ನಿದ್ದೆ ಇಲ್ಲದ್ದು ನಿಜವೇ, ಆದ್ದರಿಂದ ಅದು ಮೋಸವೂ ಅಲ್ಲ.

ಇನ್ನೆರಡು ಪ್ರಶ್ನೆ ನೇರವಾಗಿ ಕೇಳಿ. "ಸಾಯಬೇಕು ಅನಿಸುತ್ತಾ?" "ಆ ದನಿ ಏನಾದ್ರೂ ಮಾಡು ಅಂತ ಹೇಳುತ್ತಾ?" ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವತ್ತೇ ಆಸ್ಪತ್ರೆಗೆ ಹೊರಡಿ, ಒಬ್ಬನನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬ ಮನೆಯಿಂದ ಆಚೆ ಹೋಗಲಿ. ಊಟ ನೀರು ಪೂರ್ತಿ ಬಿಟ್ಟಿದ್ದರೂ ಅಷ್ಟೇ ತುರ್ತು. ಆಂಬುಲೆನ್ಸಿಗೆ 108, ಹೊಡೆದಾಟದ ಮಟ್ಟಕ್ಕೆ ಹೋದರೆ 112. ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಹೀಗಾಗಿ, ಜ್ವರ, ಫಿಟ್ಸ್, ಗೊಂದಲ ಇದ್ದರೆ ಮೊದಲು ದೊಡ್ಡ ಆಸ್ಪತ್ರೆಯ ಕ್ಯಾಷುಯಾಲ್ಟಿ. ಮೆದುಳಿನ ಉರಿಯೂತವೂ ಸೈಕೋಸಿಸ್ ಹಾಗೇ ಕಾಣಬಹುದು.

ದೇವಸ್ಥಾನದ ಮಾತು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಗಾಳಿ ಸೋಕಿದೆ ಅಂದರು, ಮಾಟ ಅಂದರು, ಮೂರು ತಾಯತ ಕಟ್ಟಿಸಿದೆವು. ನಮ್ಮ 14 ತಿಂಗಳಲ್ಲಿ ಆರು ಅದಕ್ಕೇ ಹೋಯಿತು. ಇನ್ನು ನಾಲ್ಕು ತಿಂಗಳು ಒಂದು ಕ್ಲಿನಿಕ್ಕಿನಲ್ಲಿ ಟಾನಿಕ್ ಮತ್ತು ನಿದ್ದೆ ಮಾತ್ರೆ ಕೊಟ್ಟೇ ಕಳಿಸಿದರು. ನಮ್ಮ ಡಾಕ್ಟರು ಅಜ್ಜಿಗೆ ಹೇಳಿದ್ದು ನನಗೆ ಹಿಡಿಸಿತು: "ಹರಕೆಯೂ ಇರಲಿ ಅಜ್ಜಿ, ಮಾತ್ರೆಯೂ ಇರಲಿ." ಆದರೆ ಹೊಡೆಯುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಎಲ್ಲೇ ನಡೆದರೂ ಹುಡುಗನನ್ನು ಕರೆದುಕೊಂಡು ಎದ್ದು ಬನ್ನಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಎಲ್ಲಿಗೆ ಹೋಗಬೇಕು ಗೊತ್ತಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಹುಡುಗ ಬರಲು ಒಪ್ಪದಿದ್ದರೂ ಮನೆಯವರು ಮಾಡಬಹುದು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿ ತಿಂಗಳ ಯಾವ ಮಂಗಳವಾರ ಅಂತ ಕೇಳಿಕೊಂಡು ಹೋಗಿ. ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ವಿಭಾಗವೇ ಇದೆ. ದೊಡ್ಡ ಮಾನಸಿಕ ಆಸ್ಪತ್ರೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇದ್ದೇ ಇವೆ. ನನ್ನ ಅಭಿಪ್ರಾಯ ಕೇಳಿದರೆ, ಹತ್ತಿರದ್ದು ಒಳ್ಳೆಯದು. ಮೊದಲ ಸಲ ಬೆಂಗಳೂರಿಗೆ ಹೋಗುವುದು ಸುಲಭ, ಎಂಟನೇ ಸಲ ಕಷ್ಟ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರೇ, ಚಿಕಿತ್ಸೆ ಇಲ್ಲದೆ ಮನೆಯಲ್ಲಿದ್ದವರನ್ನು ಹುಡುಕಿ, ಅವರಿದ್ದಲ್ಲೇ ವರ್ಷಗಟ್ಟಲೆ ನೋಡಿಕೊಂಡಿದ್ದಾರೆ.

ಮೊದಲ ದಿನ ಡಾಕ್ಟರು ತಮ್ಮನೊಬ್ಬನ ಜೊತೆಗೇ ಮಾತಾಡಿದರು, ಆಮೇಲೆ ನಮ್ಮ ಜೊತೆ. ರಕ್ತ, ಥೈರಾಯ್ಡ್, ಬಿ12 ಪರೀಕ್ಷೆ ಬರೆದರು. ಕಾಯಿಲೆಗೆ ದೊಡ್ಡ ಹೆಸರು ಇಡಲಿಲ್ಲ, ನೋಡೋಣ ಅಂದರು. ನಮಗೆ ಬೇಸರವಾಯಿತು. ಈಗ ಅನ್ನಿಸುತ್ತದೆ, ಮೊದಲ ದಿನವೇ ಹೆಸರು ಹಚ್ಚದಿದ್ದದ್ದೇ ಒಳ್ಳೆಯದಾಯಿತು.

ಮಾತ್ರೆ ರಿಸ್ಪೆರಿಡೋನ್, ಕಡಿಮೆ ಪ್ರಮಾಣದಿಂದ ಶುರು. ಮೂರನೇ ರಾತ್ರಿ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಅಜ್ಜಿ ಮೈಮೇಲೆ ಬಂದಿದೆ ಅಂದಳು. ಕ್ಯಾಷುಯಾಲ್ಟಿಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರು, ಅರ್ಧ ಗಂಟೆಯಲ್ಲಿ ಸರಿಹೋಯಿತು. ಇದು ಈ ಮಾತ್ರೆಗಳಲ್ಲಿ ಕೆಲವರಿಗೆ ಆಗುತ್ತದೆ, ಮೊದಲೇ ಕೇಳಿ ತಿಳಿದುಕೊಂಡಿರಿ. ಒಂದು ಕಡೆ ಕೂರಲಾಗದೆ ಅತ್ತಿತ್ತ ಓಡಾಡುವುದೂ ಮಾತ್ರೆಯಿಂದ ಆಗಬಹುದು, ಕಾಯಿಲೆ ಜಾಸ್ತಿಯಾಯಿತು ಅಂತ ನೀವೇ ತೀರ್ಮಾನಿಸಬೇಡಿ. ಮೈ ಕಟ್ಟಿಗೆಯಾಗಿ ಜೋರು ಜ್ವರ ಬಂದರೆ ಮಾತ್ರ ತಡಮಾಡದೆ ಓಡಿ. ನಾಲ್ಕು ತಿಂಗಳಲ್ಲಿ ಅವನು ಎಂಟು ಕೆಜಿ ದಪ್ಪ ಆದ. ತೂಕ, ಸಕ್ಕರೆ, ಕೊಬ್ಬು ಆಗಾಗ ನೋಡಿಸಬೇಕು. ಹೇಳಿದರೆ ಮಾತ್ರೆ ಬದಲಿಸುವ ದಾರಿಯೂ ಇದೆ. ಹೇಳದೆ ಬಿಟ್ಟುಬಿಡುವುದೇ ಅಪಾಯ.

ನಿದ್ದೆ ಮೊದಲ ವಾರದಲ್ಲೇ ಬಂತು. ದನಿ ಮಾತ್ರ ಐದನೇ ವಾರದ ಹೊತ್ತಿಗೆ ಸಣ್ಣದಾಯಿತು, "ಪಕ್ಕದ ಮನೆ ರೇಡಿಯೋ ಥರ" ಅಂದ. ಏಳನೇ ತಿಂಗಳಿಗೆ ಹುಡುಗ ಚೆನ್ನಾಗಿದ್ದಾನಲ್ಲ ಅಂತ ನಾವೇ ಮಾತ್ರೆ ನಿಲ್ಲಿಸಿದೆವು. ಆರು ವಾರಕ್ಕೆ ಮತ್ತೆ ಕ್ಯಾಮೆರಾಕ್ಕೆ ಪ್ಲಾಸ್ಟರ್. ಪೂರ್ತಿ ಗುಣವಾದ ಮೇಲೂ ಕನಿಷ್ಠ ಒಂದೆರಡು ವರ್ಷ ಮುಂದುವರಿಸಿ ಅನ್ನುತ್ತಾರೆ. ಇಳಿಸುವುದಾದರೆ ಡಾಕ್ಟರೇ ನಿಧಾನವಾಗಿ ಇಳಿಸಬೇಕು.

ದನಿ ನಿಂತ ಮೇಲೂ ಬಹಳ ದಿನ ಅವನಿಗೆ ಏನೂ ಮಾಡುವ ಮನಸ್ಸಿರಲಿಲ್ಲ. ಅಪ್ಪ ಸೋಮಾರಿ ಅಂದರು. ಅದೂ ಕಾಯಿಲೆಯದ್ದೇ ಒಂದು ಮುಖ. ಬೈಗುಳ ಜಾಸ್ತಿ ಇರುವ ಮನೆಯಲ್ಲಿ ಕಾಯಿಲೆ ಬೇಗ ಮರಳುತ್ತದೆ ಅಂತ ಕೌನ್ಸೆಲರ್ ಹೇಳಿದ ಮೇಲೆ ಅಪ್ಪ ಸುಮ್ಮನಾದರು. ಬೆಳಗ್ಗೆ ಡೈರಿಗೆ ಕ್ಯಾನ್ ತೆಗೆದುಕೊಂಡು ಹೋಗುವ ಕೆಲಸ ಅವನಿಗೆ ಬಿಟ್ಟೆವು. ಆಮೇಲೆ ಒಂದು ಸಬ್ಜೆಕ್ಟ್, ಆಮೇಲೆ ಎರಡು. ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂದ ದೊಡ್ಡಪ್ಪನಿಗೆ ನಾನು ಹೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಈಗ ಅವನಿಗೆ 24. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಹೋಗುತ್ತಾನೆ. ಕಾಯಿಲೆ ಮರಳುವಾಗ ಕಾಣುವ ತನ್ನ ಮೂರು ಲಕ್ಷಣ ಅವನೇ ಆ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದಾನೆ: ಎರಡು ರಾತ್ರಿ ನಿದ್ದೆ ಇಲ್ಲದಿರುವುದು, ಫೋನ್ ಆಫ್ ಮಾಡಿಡುವುದು, ಊಟ ಕೋಣೆಗೆ ಒಯ್ಯುವುದು. "ಇದ್ರಲ್ಲಿ ಎರಡು ಕಂಡ್ರೆ ನನ್ನ ಕೇಳ್ಬೇಡ ಅಕ್ಕ, ಡಾಕ್ಟ್ರಿಗೆ ಫೋನ್ ಮಾಡು" ಅಂದಿದ್ದಾನೆ. ಹೋದ ಆಷಾಢದಲ್ಲಿ ಒಂದು ಸಲ ಮಾಡಿದೆ. ಮಾತ್ರೆ ಸ್ವಲ್ಪ ಏರಿಸಿದರು. ಹತ್ತು ದಿನ ರಜೆ ಹಾಕಿ ಊರಿಗೆ ಬಂದು ಮಲಗಿದ.