ಹುಬ್ಬಳ್ಳಿ–ಬೆಂಗಳೂರು: ವಿಮಾನದ ದೂರ, ಹೊತ್ತು ಲೆಕ್ಕ ಹಾಕುವುದು ಹೇಗೆ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ 410 ಕಿ.ಮೀ. ಆಸುಪಾಸು. ವಿಮಾನದ ಲೆಕ್ಕಕ್ಕೆ ಈ ಅಂಕಿ ಹಿಡಿಯಬೇಡಿ. ನೇರ ದೂರ ಬೇರೆ, ಅದನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ತೆಗೆಯಬಹುದು.

ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಗೋಕುಲ ರಸ್ತೆಯ ಹುಬ್ಬಳ್ಳಿ ನಿಲ್ದಾಣ 15.36, 75.08, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ 13.20, 77.71. ಅಕ್ಷಾಂಶದ ವ್ಯತ್ಯಾಸ 2.16 ಡಿಗ್ರಿ, ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಆಗುವುದರಿಂದ ಅದನ್ನು 111ರಿಂದ ಗುಣಿಸಿದರೆ 240 ಕಿ.ಮೀ. ರೇಖಾಂಶದ ವ್ಯತ್ಯಾಸ 2.63, ಇದನ್ನು 111ರಿಂದ ಗುಣಿಸಿದ ಮೇಲೆ ನಡುವಣ ಅಕ್ಷಾಂಶದ (14.28) ಕೊಸೈನ್ (ಕ್ಯಾಲ್ಕುಲೇಟರಿನ cos ಗುಂಡಿ) ಆದ 0.969ರಿಂದಲೂ ಗುಣಿಸಬೇಕು. 283 ಬರುತ್ತದೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ: 371 ಕಿ.ಮೀ.

ಕೊಸೈನ್ ಬಿಟ್ಟರೆ 7 ಕಿ.ಮೀ. ಹೆಚ್ಚು ಬರುತ್ತದೆ, ಅದು ಸಣ್ಣದು. ದೊಡ್ಡ ತಪ್ಪಾಗುವುದು ಡಿಗ್ರಿ-ಮಿನಿಟಿನಲ್ಲಿ. 77 ಡಿಗ್ರಿ 42 ಮಿನಿಟು ಎಂದರೆ 77.42 ಅಲ್ಲ, 42ನ್ನು 60ರಿಂದ ಭಾಗಿಸಿ 77.70 ಎಂದು ಬರೆಯಬೇಕು. ಇಲ್ಲಿ ಎಡವಿದರೆ ಪೂರ್ವ-ಪಶ್ಚಿಮದ ಅಳತೆಯಲ್ಲೇ 30 ಕಿ.ಮೀ. ಹೋಯಿತು. ನಾಟಿಕಲ್ ಮೈಲಿಯಲ್ಲಿ ಕೊಟ್ಟ ದೂರವಾದರೆ 1.852ರಿಂದ ಗುಣಿಸಿ.

ಇನ್ನು ಹೊತ್ತು. ರೆಕ್ಕೆಯಲ್ಲಿ ಫ್ಯಾನು ತಿರುಗುವ ಎಟಿಆರ್ ವಿಮಾನ ತಾಸಿಗೆ ಸುಮಾರು 500 ಕಿ.ಮೀ. ಹೋಗುತ್ತದೆ: 371ಕ್ಕೆ 45 ನಿಮಿಷ. ರನ್‌ವೇ ತನಕ ಸಾಗುವುದು, ಏರುವುದು, ಸುತ್ತು ಹಾಕಿ ಇಳಿಯುವುದು ಎಂದು 25 ನಿಮಿಷ ಸೇರಿಸಿ. ಒಂದು ತಾಸು ಹತ್ತು ನಿಮಿಷ. ಟಿಕೆಟಿನಲ್ಲಿರುವುದೂ ನಿಂತ ಜಾಗ ಬಿಡುವುದರಿಂದ ಮತ್ತೆ ನಿಲ್ಲುವ ತನಕದ ಹೊತ್ತೇ. 40 ಕಿ.ಮೀ. ವೇಗದ ಎದುರುಗಾಳಿ ಇದ್ದರೆ 45 ನಿಮಿಷ 48 ಆಗುತ್ತದೆ, ಬೆನ್ನಗಾಳಿ ಇದ್ದರೆ 41. ಜೆಟ್ ವಿಮಾನದ ವೇಗ 800 ದಾಟಿದರೂ ಉಳಿಯುವುದು ಹತ್ತು ಹದಿನೈದು ನಿಮಿಷವಷ್ಟೇ. ಇಷ್ಟು ಸಣ್ಣ ದಾರಿಯ ಬಹುಪಾಲು ಏರುವುದರಲ್ಲಿ, ಇಳಿಯುವುದರಲ್ಲೇ ಮುಗಿಯುತ್ತದೆ.

ಆದರೆ ನಿಮಗೆ ಬೇಕಾದದ್ದು ಮನೆಯಿಂದ ಮನೆಯ ಲೆಕ್ಕ. ಗದಗಿನವರು ಹುಬ್ಬಳ್ಳಿ ನಿಲ್ದಾಣಕ್ಕೆ ಒಂದೂಕಾಲು ತಾಸು ಹಿಡಿಯಲಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುವುದರಿಂದ ಒಂದೂವರೆ ತಾಸು ಮುಂಚೆ ಅಲ್ಲಿರಬೇಕು. ಲಗೇಜಿಗೆ ಅರ್ಧ ತಾಸು, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದೂಕಾಲು. ಒಟ್ಟು ಐದೂಮುಕ್ಕಾಲು ತಾಸಿನ ಹತ್ತಿರ. ಹಾವೇರಿಯವರಿಗೆ ನಗರದೊಳಗಿನ ಕೆಲಸಕ್ಕೆ ವಿಮಾನ ಲಾಭವಿಲ್ಲ, 75 ಕಿ.ಮೀ. ಉತ್ತರಕ್ಕೆ ಬಂದು ಮತ್ತೆ ದಕ್ಷಿಣಕ್ಕೆ ಹಾರಬೇಕು, ನೇರ ರಸ್ತೆಯಲ್ಲೂ ಅಷ್ಟೇ ಹೊತ್ತು. ಕೆಂಪೇಗೌಡ ನಿಲ್ದಾಣದಿಂದಲೇ ಮುಂದಿನ ವಿಮಾನ ಹಿಡಿಯುವುದಿದ್ದರೆ ಮಾತ್ರ ಅವರು ಹುಬ್ಬಳ್ಳಿಗೆ ಬರಲಿ. ಮಳೆಗಾಲದಲ್ಲಿ ಮೋಡ ಕವಿದು ಹುಬ್ಬಳ್ಳಿಯಿಂದ ಹೊರಡುವುದೇ ತಡವಾಗಬಹುದು. ಎರಡು ವಿಮಾನಗಳ ನಡುವೆ ಮೂರು ತಾಸು ಬಿಡಿ, ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ ಬುಕ್ ಮಾಡಿ.